ದೀಪಾವಳಿಗೆ ಬಂದ ಲಕ್ಷ್ಮಿಯ ಪಾಲುದಾರರು

ಬೋನಸ್ ಬಂದ ದಿನ ನಾವು ‘ಲಕ್ಷ್ಮಿ ಬಂದಳು’ ಅನ್ನುತ್ತೇವೆ. ಇನ್‌ಕಮ್ ಟ್ಯಾಕ್ಸಿನವರು ‘ಪಗಾರ ಬಂತು’ ಅಂತ ಬರೆದುಕೊಳ್ಳುತ್ತಾರೆ. ಅವರ ಪಂಚಾಂಗದಲ್ಲಿ ಹಬ್ಬ ಇಲ್ಲ, ಮಾರ್ಚ್ 31 ಮಾತ್ರ ಉಂಟು.

ಕೊಲ್ಹಾಪುರದಲ್ಲಿ ಮ್ಯಾನೇಜರ್ ಆಗಿರುವ ನಮ್ಮ ಭಾವನವರಿಗೆ 2025ರ ದೀಪಾವಳಿಯಿಂದ ತಲೆ ಕೆಟ್ಟಿದೆ. “ಬೋನಸ್ಸಿಗೆ ಬ್ಯಾರೆ ರೇಟ್ ಹಚ್ಯಾರ್ರೀ!” ಅಂತ ಒಂದೇ ಸಮನೆ ಗೊಣಗಾಟ. ಬೇರೆ ರೇಟೇನೂ ಇಲ್ಲ ಭಾವಾ, ಪಗಾರದ ಮೇಲೆ ಅದನ್ನೂ ಪೇರಿಸಿ ಒಟ್ಟಿಗೆ ತೂಗುತ್ತಾರೆ. ಎಡವಟ್ಟಾಗಿರುವುದು ಗೆರೆ ದಾಟಿದ್ದರಲ್ಲಿ. ಆ ವರ್ಷ ಹೊಸ ತೆರಿಗೆ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಪಗಾರಕ್ಕೆ ತೆರಿಗೆ ಇರಲಿಲ್ಲ. ಭಾವನ ಪಗಾರ 12.60 ಲಕ್ಷ, ಆರಾಮಾಗಿ ಗೆರೆಯ ಈಚೆಗಿದ್ದರು. 40,000 ಬೋನಸ್ ಬಂತು, 13 ಲಕ್ಷವಾಯಿತು. ಗೆರೆ ದಾಟಿದ 25,000 ಅಷ್ಟೂ ತೆರಿಗೆಗೆ, ಅದರ ಮೇಲೆ ಸಾವಿರ ಸೆಸ್. ಕೈಗೆ ಉಳಿದದ್ದು 14,000. ಇದಕ್ಕೆ ಸರಕಾರ ಇಟ್ಟ ಹೆಸರು ‘ಮಾರ್ಜಿನಲ್ ರಿಲೀಫ್’! ಅದು ಇರದಿದ್ದರೆ ಅರವತ್ತು ಸಾವಿರದ ಮೇಲೆ ಹೋಗುತ್ತಿತ್ತು ಅಂದಾಗ ಭಾವ ಚಹಾ ಕೆಳಗಿಟ್ಟರು.

ಇಚಲಕರಂಜಿಯ ಪಾವರ್‌ಲೂಮ್ ಕೆಲಸಗಾರನಿಗೆ ಈ ತಾಪತ್ರಯವೇ ಇಲ್ಲ. ಅವನ ಮಜೂರಿ ಆ ಗೆರೆಯ ಸನಿಹವೂ ಸುಳಿಯುವುದಿಲ್ಲ. ಅವನ ಜಗಳವೆಲ್ಲ ಬೋನಸ್ ಕೈಗೆ ಬರುವುದಕ್ಕೇ. 1965ರ ಕಾಯ್ದೆ ಕನಿಷ್ಠ 8.33 ಪರ್ಸೆಂಟ್, ಅಂದರೆ ಸುಮಾರು ಒಂದು ತಿಂಗಳ ಪಗಾರ ಕೊಡಿ ಅಂದಿತು. ಆದರೆ ಕಾನೂನಿನ ಲೆಕ್ಕದಲ್ಲಿ ಫ್ಯಾಕ್ಟರಿ ಅನ್ನಿಸಿಕೊಂಡ ಕಡೆಗೆ, ಇಲ್ಲವೇ ಕನಿಷ್ಠ ಇಪ್ಪತ್ತು ಜನ ದುಡಿಯುವ ಕಡೆಗೆ ಮಾತ್ರ. ಶೆಡ್ಡಿನಲ್ಲಿ ಎಂಟೇ ಜನರಿದ್ದರೆ ಕಾಯ್ದೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲುತ್ತದೆ. 2025ರ ನವೆಂಬರಿನಲ್ಲಿ ಕಾಯ್ದೆಯ ಹೆಸರು ಬದಲಾಗಿ ‘ವೇತನ ಸಂಹಿತೆ’ ಆಯಿತು. ಇಪ್ಪತ್ತೂ ಹಾಗೇ, 8.33 ಕೂಡ ಹಾಗೇ.

ಮಾಲೀಕರು ಕೊಡುವ ಮಿಠಾಯಿ ಡಬ್ಬಿಗೆ ಮಾತ್ರ ಭಾವ ಹೆದರಬೇಕಿರಲಿಲ್ಲ. ವಸ್ತುರೂಪದ ಉಡುಗೊರೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಆಗ ಮಾಫಿ ಇತ್ತು. ಅದೇ ಐದು ಸಾವಿರ ನೋಟಿನ ರೂಪದಲ್ಲಿ ಬಂದರೆ ಪೂರಾ ಪಗಾರ. ಪೇಢೆ ತಿಂದರೆ ಪುಣ್ಯ, ಎಣಿಸಿದರೆ ಪಾಪ.

ಈ ಗಲಾಟೆಯನ್ನೆಲ್ಲ ಮೀಸೆಯಲ್ಲೇ ನಗುತ್ತ ಕೇಳುವವರು ಗಡಹಿಂಗ್ಲಜದ ನಮ್ಮ ಸೋದರಮಾವ. ಕಬ್ಬು ಬೆಳೆಗಾರರು, ಸಕ್ಕರೆ ಕಾರ್ಖಾನೆಯ ಶೇರುದಾರರು. “ನಂದು ಕೃಷಿ ಆದಾಯ ನೋಡಪಾ, ಯಾವ ಸಾಹೇಬನೂ ಮುಟ್ಟಾಂಗಿಲ್ಲ.” ಸರಿ ಮಾವಾ, ಹಬ್ಬಕ್ಕೆ ಕಾರ್ಖಾನೆ ಸದಸ್ಯರಿಗೆ ಅಗ್ಗದ ಸಕ್ಕರೆ ಹಂಚುತ್ತದಲ್ಲ, ಆ ಸಕ್ಕರೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದದ್ದು ಗೊತ್ತೇ? ಸಾತಾರಾ ಜಿಲ್ಲೆಯ ಕೃಷ್ಣಾ ಸಹಕಾರಿ ಕಾರ್ಖಾನೆಯ ಖಟ್ಲೆ ಅದು. ಸದಸ್ಯರಿಗೆ ರೇಟು ಇಳಿಸಿದ್ದು ವ್ಯಾಪಾರವಲ್ಲ, ಲಾಭ ಹಂಚಿದ್ದು. ಆದ್ದರಿಂದ ಕಾರ್ಖಾನೆ ತೆರಿಗೆ ಕಟ್ಟಲಿ ಅಂತ ಇಲಾಖೆಯ ವಾದ. 2012ರಲ್ಲಿ ನ್ಯಾಯಮೂರ್ತಿಗಳು ಕಡತವನ್ನು ಕೆಳಗಿನ ಅಧಿಕಾರಿಗೇ ವಾಪಸ್ ಕಳಿಸಿದರು: ಇದು ಸಹಕಾರಿ ಕಾರ್ಖಾನೆಗಳ ರೂಢಿಯೇ, ದೀಪಾವಳಿಯದಲ್ಲದೆ ತಿಂಗಳ ಸಕ್ಕರೆ ಎಷ್ಟು ಅಂತ ಯಾವ ಆಧಾರದ ಮೇಲೆ ಗೊತ್ತುಮಾಡುತ್ತಾರೆ, ನೋಡಿ. ಕರಜಿಕಾಯಿಗೆ ಬೀಳುವ ಸಕ್ಕರೆಯ ಅಳತೆ ದಿಲ್ಲಿಯವರೆಗೆ ಹೋಗಿತ್ತು!

ಕಬ್ಬಿಗೆ ಸರಕಾರ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಬೆಲೆ ಕೊಟ್ಟದ್ದಕ್ಕೂ ಸಹಕಾರಿ ಕಾರ್ಖಾನೆಗಳ ಮೇಲೆ ಇದೇ ತಕರಾರು ವರ್ಷಗಟ್ಟಲೆ ನಡೆಯಿತು. 2023ರ ಬಜೆಟ್ ಹಳೆಯ ಬಾಕಿಯನ್ನು ಬಗೆಹರಿಸಿತು. ಪರಿಹಾರ ಸುಮಾರು 10,000 ಕೋಟಿ ಅಂದರು.

ಮಾವನ ಮೀಸೆ ಸ್ವಲ್ಪ ಕೆಳಗಿಳಿಯಿತು. “ಹೋಗ್ಲಿ ಬಿಡು, ಡೇರಿಯಿಂದ ದೀಪಾವಳಿಗೆ ಹಾಲಿನ ರೇಟಿನ ಫರಕ್ ಬರ್ತೈತಲ್ಲ, ಅದರೆ ಕೃಷಿನ ಹೌದಲ್ಲೊ?”

ಅಲ್ಲ ಮಾವಾ. ಕಾನೂನಿನ ಪ್ರಕಾರ ಹೈನು ಕೃಷಿಯಲ್ಲ. ಕಬ್ಬಿಗೆ ಮಾಫಿ, ಅದೇ ಕಬ್ಬಿನ ಸೋಗೆ ಮೇಯ್ದು ಹಿಂಡಿದ ಹಾಲಿಗೆ ಇಲ್ಲ.

“ಹಂಗಾರ ಎಮ್ಮಿಗೂ ಒಂದು ಪ್ಯಾನ್ ಕಾರ್ಡ್ ಮಾಡಸ್ಲೇನು?” ಅಂದರು ಮಾವ. ಭಾವ ಆಗಲೇ ಮೊಬೈಲಿನಲ್ಲಿ ಎಮ್ಮೆಯ ಬೆಲೆ ಹುಡುಕುತ್ತಿದ್ದರು.