ವಾರಗಿತ್ತಿಯ ಪಥ್ಯ

ಮಂಗಳವಾರ ರಾತ್ರಿ ಹತ್ತೂವರೆಗೆ ನಾವು ನಾಲ್ಕು ಜನ ಅಡುಗೆಮನೆಯಲ್ಲಿ ಶೇಂಗಾ ಚಟ್ನಿಪುಡಿ ಡಬ್ಬಿಯನ್ನು ತಕ್ಕಡಿ ಮೇಲಿಟ್ಟು ಉಸಿರು ಬಿಗಿಹಿಡಿದು ನಿಂತಿದ್ದೆವು. 318 ಗ್ರಾಂ. ಡಬ್ಬಿಗೆ ಮಗಳು ಅಂಟಿಸಿದ್ದ ಚೀಟಿಯಲ್ಲಿ ‘ಭಾನುವಾರ: 412’ ಎಂದಿತ್ತು. ಅವಳು ಅತ್ತೇ ಬಿಟ್ಟಳು.

ಎಲ್ಲದಕ್ಕೂ ಕಾರಣ ಓರಿಯೊ. ಮೂರು ತಿಂಗಳ ಲ್ಯಾಬ್ರಡಾರ್ ಹೆಣ್ಣುಮರಿ, ತೂಕ ಒಂಬತ್ತು ಕಿಲೊ, ಕರಿ ಮೈ, ಎದೆಯ ಮೇಲೆ ವಿಭೂತಿ ಬೊಟ್ಟಿನಷ್ಟು ಬಿಳಿ. ಚಾಕೊಲೇಟ್ ನಾಯಿಗೆ ವಿಷ ಅಂತ ಫ್ರಿಜ್ ಮೇಲೆ ಬರೆದು ಅಂಟಿಸಿದ ಮಗಳೇ ಮರಿಗೆ ಚಾಕೊಲೇಟ್ ಬಿಸ್ಕತ್ತಿನ ಹೆಸರಿಟ್ಟಿದ್ದಾಳೆ. ಕಂಪ್ಲಿ ತಾಲ್ಲೂಕಿನ ಮೆಟ್ರಿಯಿಂದ ಆರು ತಿಂಗಳ ಮಟ್ಟಿಗೆ ಟೆಕ್ಸಸ್ಸಿಗೆ ಬಂದಿರುವ ನಮ್ಮತ್ತೆಯ ನಾಲಿಗೆಯಲ್ಲಿ ಓರಿಯೊ ಹೊರಳಲಿಲ್ಲ. ‘ವಾರಗಿತ್ತಿ’ ಆಯಿತು. ಬೆಳಿಗ್ಗೆ ಎದ್ದವರೇ ‘ನಮ್ಮ ವಾರಗಿತ್ತಿ ಉಚ್ಚಿ ಹೊಯ್ದಳೇನು?’ ಅಂತ ವಿಚಾರಿಸುತ್ತಾರೆ. ಅವರ ಅಸಲಿ ವಾರಗಿತ್ತಿ ಕಂಪ್ಲಿಯಲ್ಲಿದ್ದಾರೆ. ಅವರ ಫೋನ್ ಬಂದಾಗೆಲ್ಲ ನಾನು ಓಡಿಹೋಗಿ ಮರಿಯನ್ನು ಹಿತ್ತಲಿಗೆ ಹಾಕುತ್ತೇನೆ.

ಫ್ರಿಜ್ ಮೇಲಿನ ಪಟ್ಟಿ ನಮ್ಮ ಮನೆಯ ಸಂವಿಧಾನ. ಮೂರು ಹೊತ್ತು ಊಟ, ಹೊತ್ತಿಗೆ 80 ಗ್ರಾಂ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೇಡವೇ ಬೇಡ, ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಕುತ್ತು. ಬಾಯಿ ಚಪಲಕ್ಕೆ ಕೊಡುವುದೆಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತು ಮೀರಬಾರದು.

‘ನೂರಕ್ಕ ಹತ್ತು ಅಂದ್ರ ಇದು ಊಟನೋ, ದಲಾಲಿನೋ?’ ಅಂದರು ಅತ್ತೆ. ‘ಮೈಲಾರದಾಗ ಗೊರವಪ್ಪ ದೋಣ್ಯಾಗ ಹಾಲು ಬಾಳೆಹಣ್ಣು ಕಲಸ್ಕೊಂಡು ನಾಯಿ ಹಂಗ ಬೊಗಳಿ ತಿಂತಾನ. ಅಲ್ಲಿ ಯಾರರ ತಕ್ಕಡಿ ಹಿಡ್ಕೊಂಡು ನಿಂತಿರ್ತಾರೇನು?’ ಅಂದಿನಿಂದ ಓರಿಯೊಳ ಸ್ಟೀಲ್ ಬಟ್ಟಲಿಗೂ ‘ದೋಣಿ’ ಅಂತಲೇ ಹೆಸರು. ಒಣ ಕಾಳಿನಂಥ ನಾಯಿ ಆಹಾರಕ್ಕೆ ‘ಗುಳಿಗಿ’. ಈ ಸುದ್ದಿ ಮೆಟ್ರಿ ಓಣಿಗೆ ಮುಟ್ಟಿ, ಪಾಪ, ಮೂರು ಹೊತ್ತೂ ಗುಳಿಗಿ ನುಂಗುವ ನಾಯಿ ಬದುಕೀತೇ ಅಂತ ಅಲ್ಲಿಯವರು ಕೊರಗಿದರು. ಆಮೇಲೆ ಉಳ್ಳಾಗಡ್ಡಿ ಬೆಳ್ಳುಳ್ಳಿಯ ಸಂಗತಿ ತಿಳಿಯಿತು. ‘ಅಷ್ಟು ಮಡಿ ಮಾಡೋ ನಾಯೀನ ಎಲ್ಲಿ ಹುಡುಕಿದ್ರಿ?’

ಅತ್ತೆಯ ತಪ್ಪು ಇಷ್ಟೇ. ಮೆಟ್ರಿಯಲ್ಲಿ ಅವರು ಐವತ್ತು ವರ್ಷ ಕಡೇ ರೊಟ್ಟಿಯನ್ನು ನಾಯಿಗಂತಲೇ ತಟ್ಟಿದವರು. ಇಲ್ಲಿ ಮಧ್ಯಾಹ್ನ ನಾವೆಲ್ಲ ಲ್ಯಾಪ್‌ಟಾಪಿನೊಳಗೆ ಹೊಕ್ಕಿರುವಾಗ, ಮೆಟ್ರಿಯ ಜಗಳ, ಮದುವೆ, ಮಳೆ ಎಲ್ಲದರ ವರದಿ ಕಿವಿ ನೆಟ್ಟಗೆ ಮಾಡಿ ಕೇಳುವವಳು ಓರಿಯೊ ಒಬ್ಬಳೇ. ಅವಳಿಗೆ ಒಂದು ಚೂರು ಜೋಳದ ರೊಟ್ಟಿ ಹೋಗುತ್ತಿತ್ತು. ಜೋಳದ ರೊಟ್ಟಿಗೆ ಉಪ್ಪೂ ಇಲ್ಲ, ಎಣ್ಣೆಯೂ ಇಲ್ಲ. ಆದರೆ ಮಂಗಳವಾರದ ಚೂರಿಗೆ ಚಟ್ನಿಪುಡಿ ಹತ್ತಿತ್ತು. ಅದರಲ್ಲಿ ಬೆಳ್ಳುಳ್ಳಿ.

412ರಲ್ಲಿ 318 ಹೋದರೆ 94. ಅತ್ತೆ ಎರಡು ದಿನದಲ್ಲಿ ತಿಂದದ್ದು ಹೆಚ್ಚೆಂದರೆ 30. ನನಗೆ ಶೇಂಗಾ ಆಗುವುದಿಲ್ಲ, ಮಗಳಿಗೆ ಖಾರ. ನಮ್ಮನೆಯವರಿಗೆ ಬಿಪಿ. ಉಪ್ಪು ನಾನೇ ನಿಲ್ಲಿಸಿ ಓಟ್ಸ್ ಹಾಕುತ್ತಿದ್ದೇನೆ. ಉಳಿದ 64 ಗ್ರಾಂ ಒಂಬತ್ತು ಕಿಲೊ ಮರಿಯ ಹೊಟ್ಟೆಯಲ್ಲಿ!

ನಾಯಿ ಡಾಕ್ಟರು ಫೋನಿನಲ್ಲಿ ಕೇಳಿದ್ದು ಒಂದೇ: ಅದರಲ್ಲಿ ಬೆಳ್ಳುಳ್ಳಿ ಎಷ್ಟು? ಪುಡಿ ಕುಟ್ಟಿದ್ದು ಕಂಪ್ಲಿಯ ಅಸಲಿ ವಾರಗಿತ್ತಿ. ಅಲ್ಲಿ ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ. ಇನ್ನೊಂದು ಫೋನಿನ ಸ್ಪೀಕರ್ ಹಾಕಿದೆವು. ಯಾರಾದರೂ ಬಾಯಿ ಮುಚ್ಚಿಸುವ ಮೊದಲೇ ಅತ್ತೆ ಶುರು ಮಾಡಿದರು.

‘ಯವ್ವಾ, ನಿನ್ನ ಚಟ್ನಿ ತಿಂದು ನಮ್ಮ ವಾರಗಿತ್ತಿ ಸಾಯಾಕ ಹತ್ಯಾಳ!’

ಆ ಕಡೆ ಸ್ವಲ್ಪ ಹೊತ್ತು ಬರೀ ಕುಕ್ಕರ್ ಕೂಗಿತು. ‘ಅಕ್ಕಾ, ನಿನಗ ಇರಾಕಿ ವಾರಗಿತ್ತಿ ನಾನೊಬ್ಬಾಕಿ. ನಾ ಇಲ್ಲಿ ಚಲೋ ಅದೀನಿ. ಅಲ್ಲಿ ಸಾಯಾಕಿ ಯಾರು?’

‘ಚಿಕ್ಕತ್ತೆ, ಬೆಳ್ಳುಳ್ಳಿ ಎಷ್ಟು ಹಾಕಿದ್ರಿ ಹೇಳ್ರಿ’ ಅಂತ ನಾನು ನಡುವೆ ನುಗ್ಗಿದೆ.

‘ಸೇರು ಶೇಂಗಾಕ್ಕ ಎರಡು ಗಡ್ಡಿ.’

‘ಸೇರು ಅಂದ್ರೆ ಎಷ್ಟು ಗ್ರಾಂ?’ ಮಗಳು.

‘ಸೇರು ಅಂದ್ರ ಸೇರು.’

‘ಗಡ್ಡೆ ದೊಡ್ಡದಾ, ಸಣ್ಣದಾ?’

‘ನಿಮ್ಮವ್ವನ್ನ ಮದುವಿ ಮಾಡ್ಕೊಂಡು ಬಂದಾಗಿಂದ ಅದ ಚಟ್ನಿ ಕಳಸಾಕ ಹತ್ತೀನಿ. ಇವತ್ತು ಲೆಕ್ಕ ಕೇಳಾಕ ನೀ ಯಾರಲೇ?’

ಡಾಕ್ಟರು ಕಾಯುತ್ತಿದ್ದರು. ಮಗಳು ಸೇರನ್ನು ಗ್ರಾಮಿಗಿಳಿಸಲು ಫೋನ್ ಉಜ್ಜುತ್ತಿದ್ದಳು. ಆಗ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಿದ್ದ ನಮ್ಮನೆಯವರು ಗಂಟಲು ಸರಿಮಾಡಿಕೊಂಡರು.

‘ಅದು... ನಾನೇ ತಿಂದೆ.’

‘ಎಷ್ಟು?’

‘ಆ ಉಳಿದಿದ್ದು. ಗ್ಯಾರೇಜಿನಾಗ ನಿಂತ್ಕೊಂಡು. ಕ್ಯಾರೆಟ್ಟಿಗೆ ಹಚ್ಕೊಂಡು.’

ಮಗಳು ಡಾಕ್ಟರಿಗೆ, ತಿಂದದ್ದು ನಾಯಿಯಲ್ಲ, ನಮ್ಮಪ್ಪ, ಅಂದಳು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರಿ ನೆಕ್ಕಿದ್ದು ಚಿಟಿಕೆಯಷ್ಟೇ ಇದ್ದರೆ ಭಯವಿಲ್ಲ, ಆದರೂ ನಾಲ್ಕೈದು ದಿನ ಒಸಡು ಬಿಳಿಚುತ್ತದೆಯೇ, ಉಚ್ಚೆ ಕೆಂಪಾಗುತ್ತದೆಯೇ ನೋಡಿಕೊಳ್ಳಿ ಅಂದರು. ಮಗಳು ಬರೆದುಕೊಂಡು, ಅಭ್ಯಾಸಬಲದಿಂದ ಅಪ್ಪನ ತುಟಿ ಎತ್ತಿ ನೋಡಿದಳು. ಕಂಪ್ಲಿಯ ಫೋನ್ ಆಗಲೇ ಕಟ್ ಆಗಿತ್ತು.

ಓರಿಯೊ ದೋಣಿಗೆ ಮೂತಿ ಆನಿಸಿ ಗೊರಕೆ ಹೊಡೆಯುತ್ತಿದ್ದಳು.

ಮೂರು ದಿನ ಕಂಪ್ಲಿಯಿಂದ ಸದ್ದಿಲ್ಲ. ಅತ್ತೆ ನಾಲ್ಕು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಶನಿವಾರ ಬೆಳಿಗ್ಗೆ ಅವರದೇ ಕರೆ ಬಂತು. ಕ್ಷೇಮ ಸಮಾಚಾರ ಏನೂ ಇಲ್ಲ. ಒಂದೇ ಮಾತು.

‘ಆಕಿ ಉಂಡ್ಲೇನು?’