ನಮ್ಮ ಮನೆ ಮಾತ್ರೆ, ನಿಮ್ಮ ಮನೆ ಜ್ವರ

ನಮ್ಮ ಎರಡು ಮನೆಗಳ ನಡುವಿನ ದಾಸವಾಳದ ಬೇಲಿಯ ಮೇಲೆ ದಿನಕ್ಕೊಂದು ವಸ್ತು ಓಡಾಡುತ್ತಲೇ ಇರುತ್ತದೆ. ಆಚೆಯಿಂದ ಕರಿಬೇವು ಬಂದರೆ ಈಚೆಯಿಂದ ಹೆಪ್ಪಿಗೆ ಒಂದು ಸೌಟು ಮೊಸರು. ಹಬ್ಬದ ದಿನ ಒಬ್ಬಟ್ಟು, ಊರಿಗೆ ಹೊರಟರೆ ಮನೆಯ ಬೀಗದ ಕೈ. ಮೊನ್ನೆ ಪಕ್ಕದ ಮನೆಯ ಸೊಸೆ ಏಳು ತಿಂಗಳ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, ಬೇಲಿಯ ಮೇಲಿಂದ ಮಾತ್ರೆಯ ಸ್ಟ್ರಿಪ್ ಚಾಚಿದಳು.

"ಅಮ್ಮಾ, ನಮ್ಮ ಮಾವನಿಗೆ ಗಂಟಲು ನೋವು ಅಂತ ಡಾಕ್ಟ್ರು ಐದು ಮಾತ್ರೆ ಬರೆದುಕೊಟ್ಟಿದ್ರು. ಎರಡು ತಗೊಳ್ಳೋಷ್ಟರಲ್ಲಿ ಆರಾಮಾಯ್ತು ಅಂದ್ರು. ನಿಮಗೂ ಶೀತ ಅಂತಿದ್ರಲ್ಲ, ಸುಮ್ನೆ ಯಾಕೆ ಹಾಳಾಗ್ಬೇಕು, ಇದನ್ನ ನೀವು ತಗೊಳ್ಳಿ."

ಹುಡುಗಿಯ ಮನಸ್ಸು ದೊಡ್ಡದು. ನಾನು ಊರೂರು ತಿರುಗಿ ಮಕ್ಕಳಿಗೆ ಚುಚ್ಚುಮದ್ದು ಹಾಕಿಕೊಂಡು ಬಂದವಳು, ನಿವೃತ್ತಿಯಾದ ಮೇಲೂ ಬೀದಿಯವರಿಗೆಲ್ಲ ನಾನು ನರ್ಸಮ್ಮನೇ. ಹಾಗಾಗಿ ಸ್ಟ್ರಿಪ್ಪನ್ನು ಕೈಗೆ ತಗೊಂಡೆ, ತಿರುಗಿಸಿ ತೋರಿಸಿದೆ. ಅಜಿತ್ರೋಮೈಸಿನ್. ಮೇಲಿನಿಂದ ಕೆಳಗೆ ಒಂದು ಕೆಂಪು ಗೆರೆ.

"ಈ ಗೆರೆ ಯಾಕಿದೆ ಗೊತ್ತೇನಮ್ಮ? ಡಾಕ್ಟ್ರ ಚೀಟಿ ಇಲ್ಲದೆ ತಿನ್ನಬಾರದು ಅಂತ. ನನ್ನ ಶೀತಕ್ಕೂ ಈ ಮಾತ್ರೆಗೂ ಸಂಬಂಧವೇ ಇಲ್ಲ."

"ಸಂಬಂಧ ಇಲ್ಲ ಅಂದ್ರೆ? ಎರಡೂ ರೋಗಾಣುವಿನಿಂದ ತಾನೇ ಬರೋದು?"

ಪ್ರಶ್ನೆ ಸರಿಯಾಗಿಯೇ ಇತ್ತು. ರೋಗಾಣು ಅಂತ ನಾವು ಒಂದೇ ಮಾತಿನಲ್ಲಿ ಅಂದುಬಿಡುತ್ತೇವೆ. ಆದರೆ ಬ್ಯಾಕ್ಟೀರಿಯಾ ಬೇರೆ, ವೈರಸ್ ಬೇರೆ. ಬ್ಯಾಕ್ಟೀರಿಯಾ ತನ್ನದೇ ಮೈ ಇರುವ ಜೀವಿ. ಅದಕ್ಕೆ ಹೊರಗೊಂದು ಗಟ್ಟಿ ಗೋಡೆ, ಒಳಗೆ ತನ್ನ ಪ್ರೋಟೀನನ್ನು ತಾನೇ ತಯಾರಿಸಿಕೊಳ್ಳುವ ವ್ಯವಸ್ಥೆ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತವೆ. ಬೆಳೆಯಲು ಹೊರಟ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಅಜಿತ್ರೋಮೈಸಿನ್ ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತದೆ. ಸಿಪ್ರೋಫ್ಲಾಕ್ಸಾಸಿನ್ ಡಿಎನ್‌ಎ ನಕಲಾಗುವ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯಿಲ್ಲ, ನಮ್ಮ ಪ್ರೋಟೀನ್ ತಯಾರಿಕೆಯ ವ್ಯವಸ್ಥೆಯ ರಚನೆಯೂ ಬೇರೆ. ಅದಕ್ಕೇ ಔಷಧಿ ಬ್ಯಾಕ್ಟೀರಿಯಾವನ್ನು ಕೊಂದು ನಮ್ಮನ್ನು ಉಳಿಸುತ್ತದೆ. ಶೀತದ ವೈರಸ್ಸಿಗಾದರೋ ಈ ಗೋಡೆಯೂ ಇಲ್ಲ, ಪ್ರೋಟೀನ್ ತಯಾರಿಸುವ ವ್ಯವಸ್ಥೆಯೂ ಇಲ್ಲ. ನಮ್ಮ ಜೀವಕೋಶದೊಳಗೆ ನುಗ್ಗಿ ನಮ್ಮದನ್ನೇ ಬಳಸಿಕೊಂಡು ಹೆಚ್ಚುತ್ತದೆ. ಅದರಲ್ಲಿ ಅಜಿತ್ರೋಮೈಸಿನ್ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಎಚ್‌ಐವಿಗೆ, ಹೆಪಟೈಟಿಸ್ ಸಿಗೆ ಔಷಧಿಗಳಿವೆ ನಿಜ, ಅವು ಆಯಾ ವೈರಸ್ಸಿಗೆಂದೇ ಮಾಡಿದಂಥವು.

"ಹಾಗಾದ್ರೆ ತಿಂದ್ರೂ ಏನೂ ಆಗಲ್ಲ, ಅಷ್ಟೇ ತಾನೇ? ಲಾಭ ಇಲ್ಲದಿದ್ರೆ ನಷ್ಟವೂ ಇಲ್ಲ."

ನಷ್ಟ ಇದೆಯಮ್ಮ, ಅದನ್ನೇ ಹೇಳಬೇಕು ಅಂತ ನಾನು ಒಗೆಯುವ ಬಟ್ಟೆ ಬಿಟ್ಟು ನಿಂತಿದ್ದು. ನಮ್ಮ ಹೊಟ್ಟೆಯಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇವೆ, ಬಹುಪಾಲು ನಿರುಪದ್ರವಿಗಳು. ಮಾತ್ರೆ ನುಂಗಿದ ದಿನ ಅವುಗಳಲ್ಲಿ ಔಷಧಿಗೆ ಬಗ್ಗುವಂಥವು ಸಾಯುತ್ತವೆ. ಬಗ್ಗದ ಒಂದೆರಡು ಉಳಿಯುತ್ತವೆ. ಅನುಕೂಲ ಸಿಕ್ಕರೆ, ಅಲ್ಲಿರುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಒಂದು ಎರಡಾಗುವ ಜಾತಿ. ಖಾಲಿಯಾದ ಜಾಗವನ್ನೆಲ್ಲ ಉಳಿದ ಮೊಂಡುಗಳ ಸಂತಾನವೇ ತುಂಬಿಕೊಳ್ಳುತ್ತದೆ.

"ಅದೇನಿದ್ರೂ ತಿಂದವರ ಹೊಟ್ಟೆಯೊಳಗಿನ ವಿಚಾರ, ಅಲ್ವಾಮ್ಮ?"

ಇಲ್ಲೇ ನಾವೆಲ್ಲ ಎಡವುವುದು. ಬ್ಯಾಕ್ಟೀರಿಯಾಗಳಲ್ಲಿ ಪ್ಲಾಸ್ಮಿಡ್ ಅಂತ ಡಿಎನ್‌ಎಯ ಪುಟ್ಟ ಬಳೆಗಳಿರುತ್ತವೆ. ಔಷಧಿಯನ್ನು ಎದುರಿಸುವ ವಿದ್ಯೆ ಎಷ್ಟೋ ಸಲ ಅದರಲ್ಲೇ ಬರೆದಿರುತ್ತದೆ. ನೀನು ಸಾರಿನ ಪುಡಿಯ ಅಳತೆ ಬರೆದು ಬೇಲಿಯಾಚೆಗೆ ಚೀಟಿ ಕೊಡುತ್ತೀಯಲ್ಲ, ಹಾಗೆ ಒಂದು ಬ್ಯಾಕ್ಟೀರಿಯಾ ಈ ಬಳೆಯ ನಕಲು ಮಾಡಿ ಪಕ್ಕದ್ದಕ್ಕೆ ದಾಟಿಸಿಬಿಡುತ್ತದೆ. ಪಕ್ಕದ್ದು ತನ್ನ ಜಾತಿಯದೇ ಆಗಿರಬೇಕೆಂದೂ ಇಲ್ಲ. ನಿರುಪದ್ರವಿ ಬ್ಯಾಕ್ಟೀರಿಯಾ ಕಲಿತದ್ದನ್ನು ಕಾಯಿಲೆ ತರುವ ಬ್ಯಾಕ್ಟೀರಿಯಾ ಪಡೆದುಕೊಳ್ಳಬಹುದು. ಅದು ಮಲದ ಮೂಲಕ ಚರಂಡಿಗೆ, ಚರಂಡಿಯಿಂದ ನೀರಿಗೆ, ನೀರಿನಿಂದ ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದೆ. ಆ ಇನ್ನೊಬ್ಬರು ಆ ಮಾತ್ರೆಯ ಮುಖವನ್ನೇ ನೋಡಿರದಿದ್ದರೂ ಅವರಿಗೆ ಬಂದ ಸೋಂಕು ಆ ಮಾತ್ರೆಗೆ ಬಗ್ಗುವುದಿಲ್ಲ.

ಹೀಗೆ ನಡೆದೇ ಹೋಗಿದೆ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಒಂದು ಹೈದರಾಬಾದ್ ಇದೆ. 2016ರ ಕೊನೆಯಲ್ಲಿ ಅಲ್ಲಿ ಟೈಫಾಯ್ಡ್ ಶುರುವಾಯಿತು. ನಮ್ಮ ಕಡೆಗೂ ಹಳೆಯ ಪರಿಚಯದ ಜ್ವರವೇ. ಆದರೆ ಕ್ಲೋರಾಂಫೆನಿಕಾಲ್ ಕೊಟ್ಟರೂ ಇಳಿಯಲಿಲ್ಲ, ಆಂಪಿಸಿಲಿನ್ ಕೊಟ್ಟರೂ ಇಳಿಯಲಿಲ್ಲ, ಕೋಟ್ರೈಮಾಕ್ಸಜೋಲ್, ಸಿಪ್ರೋಫ್ಲಾಕ್ಸಾಸಿನ್ ಯಾವುದಕ್ಕೂ ಜಗ್ಗಲಿಲ್ಲ. ಆಸ್ಪತ್ರೆಯಲ್ಲಿ ನರಕ್ಕೆ ಹಾಕುವ ಸೆಫ್ಟ್ರಿಯಾಕ್ಸೋನ್ ಕೂಡ ಕೈಕೊಟ್ಟಿತು. ಆ ಬ್ಯಾಕ್ಟೀರಿಯಾದ ಡಿಎನ್‌ಎ ಓದಿದ ವಿಜ್ಞಾನಿಗಳಿಗೆ ಅದರಲ್ಲೊಂದು ಪ್ಲಾಸ್ಮಿಡ್ ಸಿಕ್ಕಿತು. ಸೆಫ್ಟ್ರಿಯಾಕ್ಸೋನನ್ನು ಒಡೆದುಹಾಕುವ ವಿದ್ಯೆ ಅದರಲ್ಲಿತ್ತು. ಅಂಥದೇ ಪ್ಲಾಸ್ಮಿಡ್ ಇ. ಕೊಲೈಯಲ್ಲಿ ಮೊದಲೇ ಇದ್ದದ್ದು. ಕೊನೆಗೆ ಬಾಯಲ್ಲಿ ನುಂಗಿಸಬಹುದಾದ ಔಷಧಿ ಅಂತ ಅವರ ಕೈಯಲ್ಲಿ ಉಳಿದದ್ದು ಒಂದೇ ಒಂದು. ಅದು ಅಜಿತ್ರೋಮೈಸಿನ್.

ಹುಡುಗಿ ನನ್ನ ಕೈಯಲ್ಲಿದ್ದ ಸ್ಟ್ರಿಪ್ಪನ್ನೇ ನೋಡಿದಳು. "ಇದೇನಾ?"

ಇದೇ. ಮಗುವನ್ನು ಆಸ್ಪತ್ರೆಗೆ ಸೇರಿಸದೆ ಮನೆಯಲ್ಲೇ ವಾಸಿ ಮಾಡಲು ಉಳಿದಿದ್ದ ಆ ಒಂದು ಮಾತ್ರೆಯನ್ನು ನಾವು ಶೀತಕ್ಕೆ, ಕೆಮ್ಮಿಗೆ ಅಂತ ಹಂಚಿಕೊಂಡು ತಿನ್ನುತ್ತೇವೆ.

"ಮಾವ ಎರಡಕ್ಕೇ ನಿಲ್ಲಿಸಿದ್ರಲ್ಲ, ಅದೂ ತಪ್ಪಾ?"

ಎಷ್ಟು ದಿನ ಅನ್ನುವುದನ್ನು ಡಾಕ್ಟ್ರು ಹೇಳಬೇಕು. ಕೆಲವು ಸೋಂಕಿಗೆ ಹಿಂದೆ ಕೊಡುತ್ತಿದ್ದುದಕ್ಕಿಂತ ಕಡಿಮೆ ದಿನ ಸಾಕು ಅಂತ ಈಗ ಗೊತ್ತಾಗಿದೆ. ಅದನ್ನು ತೀರ್ಮಾನಿಸಬೇಕಾದದ್ದು ಕಾಯಿಲೆ ಯಾವುದೆಂದು ಬಲ್ಲವರು. ನೋವು ಇಳಿಯಿತು ಅನ್ನುವ ಸಮಾಧಾನ ಸಾಲದು. ಕ್ಷಯದ ಕಥೆ ನೋಡು. 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಬಂದಾಗ ಏಳಲಾರದೆ ಮಲಗಿದ್ದವರು ಎದ್ದು ಕೂತರು. ಕೆಲವು ತಿಂಗಳಿಗೆ ಎಷ್ಟೋ ಜನರಲ್ಲಿ ಕಾಯಿಲೆ ಮರಳಿತು, ಆಗ ಅದೇ ಔಷಧಿ ಕೆಲಸಕ್ಕೆ ಬರಲಿಲ್ಲ. ಒಂದು ಔಷಧಿಯಿಂದ ತಪ್ಪಿಸಿಕೊಂಡ ಕ್ಷಯಾಣು ಇನ್ನೊಂದರಿಂದಲೂ ಮತ್ತೊಂದರಿಂದಲೂ ತಪ್ಪಿಸಿಕೊಳ್ಳುವುದು ಬಹಳ ಅಪರೂಪ. ಆ ಅರಿವಿನಿಂದಲೇ ಇವತ್ತು ಮಾಮೂಲಿ ಕ್ಷಯಕ್ಕೆ ನಾಲ್ಕು ಔಷಧಿ ಒಟ್ಟಿಗೆ ಶುರು ಮಾಡಿ ಆರು ತಿಂಗಳು ಕೊಡುತ್ತಾರೆ. ಎರಡನೇ ತಿಂಗಳಿಗೆ ಕೆಮ್ಮು ನಿಂತಿತು ಅಂತ ಒಬ್ಬರು ಬಿಟ್ಟುಬಿಟ್ಟರೆ, ಮಾತ್ರೆಗೆ ಬಗ್ಗದ ಕ್ಷಯ ಆ ಮನೆಯ ಮಕ್ಕಳಿಗೂ ಪಕ್ಕದ ಮನೆಗೂ ಗಾಳಿಯಲ್ಲೇ ಹೋಗಬಹುದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಡೆದ ಸಂದರ್ಭದ ಭಾಷಣದಲ್ಲೇ, ಸಾಲದಷ್ಟು ಔಷಧಿ ಕೊಟ್ಟರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂದು ಎಚ್ಚರಿಸಿದ್ದರು.

ಮಗು ಕೈ ಚಾಚಿ ಕೆಂಪು ದಾಸವಾಳ ಕಿತ್ತು ಬಾಯಿಗಿಟ್ಟುಕೊಂಡಿತು. ಹುಡುಗಿ ಅದನ್ನು ಬಿಡಿಸುತ್ತ, "ಹಾಗಾದ್ರೆ ಆ ಸಿಂಧ್‌ನವರು ಏನು ಮಾಡಿದ್ರು?" ಎಂದಳು.

ಲಸಿಕೆ ಹಾಕಿದರು. ಅದೂ ಎಲ್ಲಿಯದು ಅನ್ನುತ್ತೀಯ? ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಟೈಫಾಯ್ಡ್ ಲಸಿಕೆ. 2019ರ ನವೆಂಬರಿನಲ್ಲಿ ಸಿಂಧ್‌ನಲ್ಲಿ ದೊಡ್ಡ ಅಭಿಯಾನ ಶುರುವಾಯಿತು. ಈ ಲಸಿಕೆಯನ್ನು ಮಕ್ಕಳ ಸಾಮಾನ್ಯ ಲಸಿಕೆಗಳ ಪಟ್ಟಿಗೆ ಸೇರಿಸಿದ ಮೊದಲ ದೇಶ ಪಾಕಿಸ್ತಾನ. ಗಡಿಯ ಎರಡೂ ಕಡೆಯ ಜಗಳ ಏನೇ ಇರಲಿ, ಒಂದು ಹೈದರಾಬಾದಿನ ಲಸಿಕೆ ಇನ್ನೊಂದು ಹೈದರಾಬಾದಿನ ಮಕ್ಕಳನ್ನು ಕಾಯಿತು ಅನ್ನುವುದು ನನಗೆ ಬಹಳ ಸಂತೋಷದ ಸಂಗತಿ.

ಆ ಲಸಿಕೆಯಲ್ಲಿ ಒಂದು ಜಾಣತನವಿದೆ. ಟೈಫಾಯ್ಡ್ ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆಯ ಅಣುಗಳ ಒಂದು ಹೊದಿಕೆ ಇರುತ್ತದೆ. ಎರಡು ವರ್ಷದೊಳಗಿನ ಮಕ್ಕಳ ದೇಹ ಬರೀ ಆ ಹೊದಿಕೆಯನ್ನು ನೋಡಿ ಸರಿಯಾಗಿ ಎಚ್ಚೆತ್ತುಕೊಳ್ಳುವುದಿಲ್ಲ. ಅದಕ್ಕೇ ಆ ಹೊದಿಕೆಯ ಚೂರನ್ನು, ವಿಷ ತೆಗೆದ ಧನುರ್ವಾಯು ಪ್ರೋಟೀನಿಗೆ ಅಂಟಿಸಿದರು. ಪ್ರೋಟೀನ್ ಕಂಡರೆ ರಕ್ತದಲ್ಲಿನ ಟಿ ಕೋಶಗಳು ಚುರುಕಾಗುತ್ತವೆ, ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ನೆರವಾಗುತ್ತವೆ. ಕೆಲವು ಬಿ ಕೋಶಗಳು ಆ ನೆನಪನ್ನು ಇಟ್ಟುಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಮುಂದೆ ನಿಜವಾದ ಬ್ಯಾಕ್ಟೀರಿಯಾ ಬಂದಾಗ ದೇಹ ಮೊದಲಿನಿಂದ ಕಲಿಯುತ್ತ ಕೂರಬೇಕಾಗಿಲ್ಲ. ಆರು ತಿಂಗಳು ತುಂಬಿದ ಕೂಸಿಗೂ ಇದನ್ನು ಕೊಡಬಹುದು. ಟೈಫಾಯ್ಡೇ ಬಾರದ ಮಗುವಿಗೆ ಅದರ ಮಾತ್ರೆ ಬೇಡ. ಮಾತ್ರೆ ಕಡಿಮೆ ಖರ್ಚಾದಷ್ಟೂ ಅದರ ಶಕ್ತಿ ಹೆಚ್ಚು ಕಾಲ ಉಳಿಯುತ್ತದೆ. ಲಸಿಕೆ ಮಗುವನ್ನೂ ಕಾಯುತ್ತದೆ, ಮಾತ್ರೆಯನ್ನೂ ಕಾಯುತ್ತದೆ.

"ಇವಳಿಗೆ ಮುಂದಿನದು ದಡಾರದ್ದು ಅಂತ ತಾಯಿ ಕಾರ್ಡಿನಲ್ಲಿದೆ. ಒಂಬತ್ತು ತಿಂಗಳಿಗಂತೆ. ಈಗಲೇ ಯಾಕೆ ಹಾಕಲ್ಲ?"

ಅವಳು ಹೊಟ್ಟೆಯಲ್ಲಿರುವಾಗಲೇ ನೀನು ಅವಳಿಗೆ ಕೊಟ್ಟ ಪ್ರತಿಕಾಯಗಳು ಇನ್ನೂ ಸ್ವಲ್ಪ ಉಳಿದಿರಬಹುದು. ದಡಾರದ ಲಸಿಕೆಯಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಸ್. ಅದು ಒಳಗೆ ಸ್ವಲ್ಪ ಬೆಳೆದರೆ ತಾನೇ ದೇಹ ಕಲಿಯುವುದು? ನಿನ್ನ ಪ್ರತಿಕಾಯಗಳು ಅದನ್ನು ಅಲ್ಲೇ ಹಿಡಿದುಬಿಟ್ಟರೆ ಲಸಿಕೆ ಹಾಕಿಯೂ ಪ್ರಯೋಜನ ಇಲ್ಲ. ಹಾಗಂತ ನೀನು ಕೊಟ್ಟದ್ದು ಒಂಬತ್ತು ತಿಂಗಳವರೆಗೆ ಪೂರ್ತಿ ಕಾಯುತ್ತದೆ ಅಂತಲೂ ಇಲ್ಲ, ದಿನೇ ದಿನೇ ಕರಗುತ್ತದೆ. ನಡುವಿನ ಈ ತಿಂಗಳುಗಳಲ್ಲಿ ಇವಳನ್ನು ಕಾಯುವವರು ಯಾರು? ಬೀದಿಯ ಉಳಿದ ಮಕ್ಕಳು. ದಡಾರ ಬಂದವರು ಎದ್ದುಹೋದ ಮೇಲೂ ಅದರ ವೈರಸ್ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಉಳಿಯಬಲ್ಲದು. ಅದು ಹರಡದಂತೆ ನಿಲ್ಲಿಸಬೇಕಾದರೆ ನೂರಕ್ಕೆ ಸುಮಾರು 95 ಜನರಲ್ಲಿ ತಡೆಯುವ ಶಕ್ತಿ ಇರಬೇಕು. ಅದರ ಇನ್ನೊಂದು ಕೆಟ್ಟ ಗುಣ, ಬೇರೆ ಕಾಯಿಲೆಗಳ ಬಗ್ಗೆ ದೇಹ ಕಲಿತಿಟ್ಟುಕೊಂಡ ನೆನಪನ್ನೂ ಬಹಳಷ್ಟು ಅಳಿಸಿಹಾಕುತ್ತದೆ. ದಡಾರ ವಾಸಿಯಾದ ಮಗುವಿಗೆ ಆಮೇಲೆ ನ್ಯುಮೋನಿಯಾ, ಭೇದಿ ಹಿಡಿಯುವುದು ಸುಲಭ.

"ಎಲ್ಲ ಲಸಿಕೆಯೂ ಹೀಗೇ ನೆರೆಯವರನ್ನ ಕಾಯುತ್ತಾ?"

ಇಲ್ಲಮ್ಮ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಧನುರ್ವಾಯು ಮಣ್ಣಿನಿಂದ, ಸಗಣಿಯಿಂದ ಗಾಯಕ್ಕೆ ಬರುವುದು, ಮನುಷ್ಯರಿಂದ ಮನುಷ್ಯರಿಗೆ ದಾಟುವುದಿಲ್ಲ. ಊರಿಗೆ ಊರೇ ಹಾಕಿಸಿಕೊಂಡರೂ ನೀನು ಹಾಕಿಸಿಕೊಳ್ಳದಿದ್ದರೆ ನಿನಗೆ ರಕ್ಷಣೆ ಇಲ್ಲ. ಆದರೆ ದಡಾರ, ಪೋಲಿಯೋ, ಗಂಟಲಮಾರಿಯಂಥವಕ್ಕೆ ಒಬ್ಬರ ಲಸಿಕೆ ಇನ್ನೊಬ್ಬರಿಗೂ ಕಾವಲು. ನಿಸರ್ಗದಲ್ಲಿ ತಾನಾಗಿ ಹರಡುವ (ವೈಲ್ಡ್) ಪೋಲಿಯೋ ನಮ್ಮ ದೇಶದಲ್ಲಿ ಕೊನೆಯ ಸಲ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಯಾವುದೋ ಒಂದು ಮನೆಯ ಮುಂಜಾಗ್ರತೆಯಿಂದ ಅದು ನಿಲ್ಲಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ರೈಲಿನಲ್ಲಿ, ಇಟ್ಟಿಗೆ ಗೂಡಿನ ಜೋಪಡಿಗಳಲ್ಲಿ ಸಿಕ್ಕ ಪ್ರತಿ ಮಗುವಿನ ಬಾಯಿಗೂ ಎರಡು ಹನಿ ಬಿಟ್ಟು, ಬೆರಳಿಗೆ ಶಾಯಿಯ ಗುರುತು ಹಚ್ಚಿ ನಿಲ್ಲಿಸಿದ್ದು.

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ, "ಮೂಲೆ ಸೈಟಿನಲ್ಲಿ ಮನೆ ಕಟ್ಟುವ ಕೆಲಸಕ್ಕೆ ರಾಯಚೂರು ಕಡೆಯವರು ಬಂದಿದಾರಲ್ಲಮ್ಮ, ಅವರ ಜೊತೆ ಸಣ್ಣ ಮಕ್ಕಳಿವೆ. ಅವಕ್ಕೆ ಎಲ್ಲ ಹಾಕಿಸಿರ್ತಾರಾ? ಕಾರ್ಡು ಊರಲ್ಲೇ ಬಿಟ್ಟು ಬಂದಿದ್ರೆ?" ಎಂದಳು.

ಕಾರ್ಡು ಇಲ್ಲದಿದ್ದರೂ ಲಸಿಕೆ ನಿಲ್ಲುವುದಿಲ್ಲ, ಎಲ್ಲಿಯ ಮಗುವಾದರೂ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ದುಡ್ಡಿಲ್ಲದೆ ಹಾಕುತ್ತಾರೆ ಎಂದೆ. ಸಾಲಿನಲ್ಲಿ ಕಾಯುತ್ತ ಅರ್ಧ ದಿನದ ಕೂಲಿ ಹೋಗುತ್ತದೆಂದು ಅವರು ಹಿಂಜರಿಯಬಹುದು. ಆಶಾ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿದರೆ ಆಕೆಯೇ ಬಂದು ಮಕ್ಕಳ ಹೆಸರು ಬರೆದುಕೊಳ್ಳುತ್ತಾಳೆ, ಲಸಿಕೆಯ ದಿನ ಕರೆದುಕೊಂಡು ಹೋಗುತ್ತಾಳೆ. ಆ ಮಕ್ಕಳ ತೋಳಿಗೆ ಬೀಳುವ ಚುಚ್ಚುಮದ್ದು ಈ ಕೂಸಿನ ರಕ್ಷಣೆಯೂ ಹೌದು. ಅವರ ಆರೋಗ್ಯ ಬೇರೆ, ನಮ್ಮದು ಬೇರೆ ಅಂದುಕೊಳ್ಳುವ ಹಕ್ಕನ್ನು ಈ ಕಾಯಿಲೆಗಳು ನಮಗೆ ಯಾವತ್ತೂ ಕೊಟ್ಟಿಲ್ಲ.

"ಆಶಾ ಅಕ್ಕನ ನಂಬರ್ ಕೊಡಿ, ಈಗಲೇ ಫೋನ್ ಮಾಡ್ತೀನಿ," ಅಂದಳು ಹುಡುಗಿ.