ಹೆಚ್ಚುವರಿ ಶಾಖ

ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಜನ ಮೊದಲು ನೋಡುವುದು ಕಂಬದ ಕಡೆಗಲ್ಲ, ಮೇಷ್ಟ್ರ ಮನೆಯ ಶೆಡ್ಡಿನ ಕಡೆಗೆ. ಅಲ್ಲಿ ಹೊಗೆ ಕಂಡರೆ ದೂರು ಕೊಡಲು ಫೋನ್ ಮಾಡುವ ಕೆಲಸ ಉಳಿಯಿತು. ಸುಮ್ಮನೆ ಮೇಣದ ಬತ್ತಿ ಹುಡುಕಿದರೆ ಆಯಿತು.

ಮೇಷ್ಟ್ರು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಹುಡುಗರಿಗೆ ಅರ ಹಿಡಿಯುವುದನ್ನು ಕಲಿಸಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಕೆಲವರು ವಾಕಿಂಗ್ ಹಿಡಿಯುತ್ತಾರೆ, ಕೆಲವರು ಬ್ಯಾಂಕಿನಲ್ಲಿ ಪಾಸ್‌ಬುಕ್ ಹಿಡಿದು ನಿಲ್ಲುತ್ತಾರೆ. ಮೇಷ್ಟ್ರು ಜಗತ್ತಿನ ಇಂಧನದ ಸಮಸ್ಯೆಯನ್ನೇ ಕೈಗೆ ತಗೊಂಡರು. ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಅವರ ಅಂಗಿಯ ಜೇಬಿನಲ್ಲಿ ಟೆಸ್ಟರ್ ಇರುತ್ತದೆ, ಕಂಕುಳಲ್ಲಿ ದಾರ ಕಟ್ಟಿದ ಫೈಲು. ಅದರೊಳಗೆ ರಾಷ್ಟ್ರಪತಿಗಳಿಗೆ ಬರೆದ ಪತ್ರದ ನಕಲೂ, ಅದು ತಲುಪಿದ್ದಕ್ಕೆ ಅಂಚೆಯವರು ಕೊಟ್ಟ ಚೀಟಿಯೂ. ಅಯಸ್ಕಾಂತದ ಮೋಟಾರು ತಾನಾಗಿ ತಿರುಗುವುದಕ್ಕೆ ಯಾವಾಗಲೂ ಒಂದೇ ಒಂದು ಬೇರಿಂಗ್ ಕಡಿಮೆ. ಪೆಟ್ರೋಲ್ ಕಂಪನಿಯವರ ಮಾತು ಬಂದರೆ ದನಿ ತಗ್ಗುತ್ತದೆ. "ನನಗೆ ಹಾರ್ಟ್ ಅಟ್ಯಾಕ್ ಆಯ್ತು ಅಂದ್ರೆ ನೀವು ಮಾತ್ರ ನಂಬಬೇಡಿ ಸ್ವಾಮಿ" ಎಂದು ನನಗೆ ಅವರು ಕನಿಷ್ಠ ಹತ್ತು ಸಲ ಹೇಳಿದ್ದಾರೆ. ಅವರ ಬಿ.ಪಿ. ನನಗಿಂತ ಚೆನ್ನಾಗಿದೆ.

ಹೊಸಬರು ಯಾರು ಸಿಕ್ಕರೂ ಮೇಷ್ಟ್ರು ಮೊದಲು ಪ್ರವರ ಹೇಳುತ್ತಾರೆ. ಮೂಲಪುರುಷ ಭಾಸ್ಕರಾಚಾರ್ಯ. 1150ರ ಸಿದ್ಧಾಂತಶಿರೋಮಣಿಯಲ್ಲಿ, ಕಡ್ಡಿಗಳೊಳಗೆ ಪಾದರಸ ತುಂಬಿ ತಾನಾಗಿ ತಿರುಗುವ ಚಕ್ರದ ವರ್ಣನೆ ಇದೆ. ಆತ ನಮ್ಮ ವಿಜಯಪುರದವನೋ ಮಹಾರಾಷ್ಟ್ರದವನೋ ಎಂಬ ಜಗಳದಲ್ಲಿ ಮೇಷ್ಟ್ರದು ವಿಜಯಪುರದ ಪಕ್ಷ. ಆಮೇಲೆ ಒಂದೇ ಜಿಗಿತಕ್ಕೆ 1989ರ ಮಾರ್ಚ್ 23. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫ್ಲೈಶ್‌ಮನ್, ಸ್ಟ್ಯಾನ್ಲಿ ಪಾನ್ಸ್ ಎಂಬ ಇಬ್ಬರು ರಸಾಯನ ಶಾಸ್ತ್ರಜ್ಞರು ಪತ್ರಕರ್ತರನ್ನು ಕರೆದು, ಸೂರ್ಯನ ಒಡಲಲ್ಲಿ ಒಂದೂವರೆ ಕೋಟಿ ಡಿಗ್ರಿಯಲ್ಲಿ ನಡೆಯುವ ಕೆಲಸವನ್ನು ತಾವು ಮೇಜಿನ ಮೇಲೆ, ಗಾಜಿನ ಪಾತ್ರೆಯಲ್ಲಿ ಮಾಡಿದ್ದೇವೆ ಎಂದುಬಿಟ್ಟರು. ಪಲ್ಲಾಡಿಯಂ ಲೋಹದ ಗುಣ ಅಂಥದ್ದು: ಜಾಮೂನು ಪಾಕ ಕುಡಿದ ಹಾಗೆ ತನ್ನ ಗಾತ್ರದ ಒಂಬೈನೂರು ಪಟ್ಟು ಜಲಜನಕವನ್ನು ಕುಡಿದು ಕೂರುತ್ತದೆ. ಭಾರಜಲದಲ್ಲಿ ಅದನ್ನು ಮುಳುಗಿಸಿ ಕರೆಂಟು ಹಾಯಿಸಿದರೆ, ಒಳಗೆ ಇಕ್ಕಟ್ಟಿನಲ್ಲಿ ಕೂತ ಭಾರಜಲಜನಕದ ಪರಮಾಣುಗಳು ಕೂಡಿಕೊಂಡು ಶಾಖ ಬಿಡುತ್ತವೆ ಎಂದರು. ಇದಕ್ಕೇ ಶೀತಲ ಸಮ್ಮಿಲನ ಎಂದು ಹೆಸರು. ಜಗತ್ತಿನ ಲ್ಯಾಬುಗಳೆಲ್ಲ ಪಾತ್ರೆ ಇಟ್ಟುಕೊಂಡು ಕೂತವು. ಹೆಚ್ಚಿನವರಿಗೆ ಏನೂ ಸಿಗಲಿಲ್ಲ. ಆ ವರ್ಷ ಮುಗಿಯುವ ಮೊದಲೇ ಅಮೆರಿಕ ಸರ್ಕಾರದ ಸಮಿತಿ ಇದು ನಂಬುವಂಥದ್ದಲ್ಲ ಎಂದು ವರದಿ ಕೊಟ್ಟಿತು.

"ಹೆಚ್ಚಿನವರಿಗೆ ಸಿಗಲಿಲ್ಲ, ಸರಿ. ನಮ್ಮವರಿಗೆ ಸಿಕ್ತಲ್ಲ!" ಎಂದು ಮೇಷ್ಟ್ರು ಇಲ್ಲಿ ತೊಡೆ ತಟ್ಟುತ್ತಾರೆ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಪಿ.ಕೆ. ಅಯ್ಯಂಗಾರರು ಇದನ್ನು ಬೆನ್ನು ಹತ್ತಿದ್ದು ನಿಜ, ಅಲ್ಲಿನ ತಂಡಗಳು ನ್ಯೂಟ್ರಾನ್ ಕಂಡಿತು, ಟ್ರಿಟಿಯಂ ಕಂಡಿತು ಎಂದು ವರದಿ ಬರೆದದ್ದೂ ನಿಜ. ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ 2015ರಲ್ಲಿ ಈ ವಿಷಯಕ್ಕೇ ಒಂದು ವಿಶೇಷ ವಿಭಾಗ ಕೊಟ್ಟಿತು. ಆ ಸಂಚಿಕೆ ಮೇಷ್ಟ್ರ ದೇವರ ಮನೆಯಲ್ಲಿ ಕೆಂಪು ವಸ್ತ್ರದೊಳಗಿದೆ. ಪ್ರವರದ ಕೊನೆಯ ಋಷಿ ಪರಮಹಂಸ ತಿವಾರಿ. ನಮ್ಮ ಕೈಗಾ ಅಣುವಿದ್ಯುತ್ ಯೋಜನೆಯ ನಿರ್ದೇಶಕರಾಗಿದ್ದುಕೊಂಡೇ, ಶೂನ್ಯದಿಂದ ವಿದ್ಯುತ್ ತೆಗೆಯುವ ಜನರೇಟರಿನ ಮಾತಾಡುತ್ತಿದ್ದವರು. 2019ರಲ್ಲಿ ಗೂಗಲ್ ಹಣದಲ್ಲಿ ಸುಮಾರು ಮೂವತ್ತು ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿ, ಶೀತಲ ಸಮ್ಮಿಲನದ ಸುಳಿವೇ ಸಿಗಲಿಲ್ಲ ಎಂದು 'ನೇಚರ್' ಪತ್ರಿಕೆಯಲ್ಲಿ ಬರೆದ ಸುದ್ದಿಯನ್ನು ನಾನೇ ಓಡಿಹೋಗಿ ತೋರಿಸಿದೆ. ಮೇಷ್ಟ್ರು ಕನ್ನಡಕ ತೆಗೆದು, "ತಾಳ್ಮೆ ಇಲ್ಲದವರು" ಎಂದರು. ಪ್ರವರದಲ್ಲಿ ಹೇಳಬಾರದ ಹೆಸರು ಒಂದೇ: 1996ರಲ್ಲಿ ಸೊಪ್ಪು ಕುದಿಸಿ ಪೆಟ್ರೋಲ್ ಮಾಡುತ್ತೇನೆಂದು ಹೊರಟು, ಇಪ್ಪತ್ತು ವರ್ಷದ ಮೇಲೆ ಕೋರ್ಟಿನಲ್ಲಿ ಶಿಕ್ಷೆಯಾದ ತಮಿಳುನಾಡಿನ ರಾಮರ್ ಪಿಳ್ಳೈ. ಒಮ್ಮೆ ಬಾಯಿ ತಪ್ಪಿ ಆ ಹೆಸರು ಎತ್ತಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದರು. ಆ ವಾರ ನಾನು ಎರಡು ಪುಸ್ತಕ ಓದಿ ಮುಗಿಸಿದೆ.

ಪಿಂಚಣಿಗೆ ಪಲ್ಲಾಡಿಯಂ ಎಟಕುವುದಿಲ್ಲ, ಭಾರಜಲ ಶೆಟ್ಟರ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ನಿಕ್ಕಲ್ ಮತ್ತು ಬರಿಯ ನೀರಿನಲ್ಲೂ ಆಗುತ್ತದೆ ಎನ್ನುವ ಒಂದು ಉಪಶಾಖೆ ಪರದೇಶದಲ್ಲಿದೆ. ಹೀಗಾಗಿ ಒಂದು ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದು, ನಮ್ಮ ತಂದೆ ಜೋಪಾನ ಮಾಡಿಟ್ಟಿದ್ದ 1947ರ ಒಂದು ರೂಪಾಯಿಯನ್ನು ಕೇಳಿದರು. ಒಂದು ಮಗ್ಗುಲಲ್ಲಿ ಜಾರ್ಜ್ ದೊರೆ, ಇನ್ನೊಂದರಲ್ಲಿ ಹುಲಿ, ಅಪ್ಪಟ ನಿಕ್ಕಲ್. "ಋಣ ತುದಿಗೆ ಕಟ್ಟಿದರೆ ಲೋಹ ಒಂದಿಷ್ಟೂ ಸವೆಯೋಲ್ಲ" ಎಂದರು. ನಿಜವೇ. ಆದರೆ ಆ ರಾತ್ರಿ ಅವರ ಮನೆಯಲ್ಲಿ ಕೆಂಪು ತಂತಿ ಮುಗಿದಿತ್ತು. ಎರಡೂ ಕಡೆ ಕಪ್ಪು ತಂತಿಯಾಗಿ, ಹುಲಿ ಧನ ತುದಿಗೆ ಹೋಯಿತು. ಕರೆಂಟು ಸಲೀಸಾಗಿ ಹರಿಯಲೆಂದು ಮೇಲೆ ಒಂದು ಹಿಡಿ ಉಪ್ಪು. ಬೆಳಿಗ್ಗೆ ನೋಡಿದರೆ ನೀರು ಮಾವಿನೆಲೆಯಷ್ಟು ಹಸಿರು. ಹಸಿರು ಇಂಧನ ಎಂದರೆ ಏನೆಂದು ನನಗೆ ತಿಳಿದದ್ದು ಆಗಲೇ. ದೊರೆಗೆ ಮೂಗಿರಲಿಲ್ಲ, ಹುಲಿಗೆ ಹಿಂಗಾಲಿರಲಿಲ್ಲ. ಉಳಿದದ್ದನ್ನು ಲಕೋಟೆಯಲ್ಲಿ ಹಾಕಿ, ಮೇಲೆ ಮೊದಲಿನ ತೂಕ, ಈಗಿನ ತೂಕ, ತಾರೀಖು ಬರೆದು ತಂದುಕೊಟ್ಟರು. ತಪ್ಪು ತಮ್ಮದು ಎಂದೂ ಬರೆದು ಸಹಿ ಮಾಡಿದ್ದರು.

ಇದಾದ ಮೇಲೂ ನಾನು ಅವರ ಶೆಡ್ಡಿಗೆ ಹೋದೆ ಎಂದರೆ ಅದಕ್ಕೆ ಕಾರಣವಿದೆ. ಬೀದಿಯಲ್ಲಿ ಯಾರ ಮಿಕ್ಸಿ ಕೆಟ್ಟರೂ ರಿಪೇರಿ ಮಾಡಿ ಒಂದು ಕಾಸು ಮುಟ್ಟದವರು ಅವರು. ನನ್ನ ಮಗಳ ಪರೀಕ್ಷೆಯ ಹಿಂದಿನ ದಿನ ಕರೆಂಟು ಹೋದಾಗ, ತಮ್ಮ ಪ್ರಯೋಗದ ಬ್ಯಾಟರಿಯನ್ನೇ ಕಳಚಿ ತಂದು ದೀಪ ಹಾಕಿಕೊಟ್ಟು, ಬೆಳಗಿನ ತನಕ ಜಗಲಿಯ ಮೇಲೆ ಕೂತಿದ್ದರು. ಅಂಥವರು ಒಂದು ಸಂಜೆ ಬಂದು, "ಭಾವಮೈದುನನ ಮಗಳ ವರಪೂಜೆ, ಹೋಗದಿದ್ರೆ ಇವಳು ಮನೆಯೊಳಗೆ ಸೇರಿಸೋಲ್ಲ. ಒಂದು ರಾತ್ರಿ ರೀಡಿಂಗ್ ತಗೊಳ್ಳಿ ಸ್ವಾಮಿ. ನಿಮಗಿಂತ ನಂಬಿಕಸ್ಥರು ಯಾರಿದಾರೆ?" ಎಂದರೆ ಏನು ಹೇಳುವುದು?

ಶೆಡ್ಡಿನ ಮೇಜಿನ ಮೇಲೆ ಎರಡು ಕಾಫಿ ಫ್ಲಾಸ್ಕು. ಒಂದರಲ್ಲಿ ನಿಕ್ಕಲ್ ಪಟ್ಟಿ ಮುಳುಗಿದ ನೀರು, ಇನ್ನೊಂದರಲ್ಲಿ ಬರಿಯ ಹೀಟರ್ ಸುರುಳಿ. ಎರಡಕ್ಕೂ ಸರಿಸಮ ಕರೆಂಟು. ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚು ಬಿಸಿಯಾದರೆ, ಆ ಹೆಚ್ಚಾದದ್ದೇ ಅಸಲಿನ ಮೇಲಿನ ಬಡ್ಡಿ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ, ಹತ್ತು ನಿಮಿಷಕ್ಕೊಮ್ಮೆ ಎರಡೂ ಥರ್ಮಾಮೀಟರ್ ನೋಡಿ ಬರೆಯಬೇಕು. "ಕಿಟಕಿ ಮುಚ್ಚಬೇಡಿ. 1992ರಲ್ಲಿ ಕ್ಯಾಲಿಫೋರ್ನಿಯದ ಒಂದು ಲ್ಯಾಬಿನಲ್ಲಿ ಇಂಥದೇ ಪಾತ್ರೆ ಸಿಡಿದು ಒಬ್ಬರು ತೀರಿಕೊಂಡ್ರು" ಎಂದು ಧೈರ್ಯ ಹೇಳಿ ಮೇಷ್ಟ್ರು ಬಸ್ಸಿಗೆ ಹೋದರು.

ಹನ್ನೆರಡು ನಲವತ್ತರವರೆಗೆ ಬರೆದೆ. ಕಣ್ಣು ಬಿಟ್ಟಾಗ ಹಾಲಿನವನ ಸೈಕಲ್ ಬೆಲ್ಲು, ಗಂಟೆ ನಾಲ್ಕು ಐವತ್ತು. ನಡುವೆ ಇಪ್ಪತ್ನಾಲ್ಕು ಸಾಲು ಖಾಲಿ. ನಿದ್ದೆ ಬಂತು ಎಂದು ಹೇಳಿದ್ದರೆ ಮುಗಿದಿತ್ತು. ನಂಬಿಕಸ್ಥ ಎನಿಸಿಕೊಂಡವನು ಹಾಗೆ ಹೇಳುವುದುಂಟೇ? ಪೆನ್ನು ತೆಗೆದುಕೊಂಡು ತುಂಬಿದೆ. ಒಂದೇ ಸಮ ತುಂಬಿದರೆ ಅನುಮಾನ ಬರುತ್ತದೆಂದು ಅಲ್ಲಿ ಅರ್ಧ ಡಿಗ್ರಿ ಏರಿಸಿ, ಇಲ್ಲಿ ಕಾಲು ಡಿಗ್ರಿ ಇಳಿಸಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಾನು ಆಗೊಮ್ಮೆ ಈಗೊಮ್ಮೆ ಕಥೆ ಬರೆಯುವವನು. ನಡುವೆ ಏನಾದರೂ ನಡೆಯದಿದ್ದರೆ ಕೈ ಸುಮ್ಮನಿರುವುದಿಲ್ಲ. ಮೂರು ಗಂಟೆ ಹತ್ತು ನಿಮಿಷಕ್ಕೆ ನಿಕ್ಕಲ್ ಫ್ಲಾಸ್ಕನ್ನು ಮೂರು ಡಿಗ್ರಿ ಮೇಲೆ ಹಾರಿಸಿ, ಅರ್ಧ ಗಂಟೆ ಅಲ್ಲೇ ನಿಲ್ಲಿಸಿ, ಮೆಲ್ಲಗೆ ಇಳಿಸಿದೆ.

ಮರುದಿನ ಮೇಷ್ಟ್ರು ಪುಸ್ತಕ ನೋಡಿದವರು ಅಲ್ಲೇ ಕುಸಿದು ಕೂತರು. "ಸ್ವಾಮಿ! ಯೂಟಾದವರು ಹೇಳಿದ್ದೂ ಇದೇ! ಗಂಟೆಗಟ್ಟಲೆ ಏನೂ ಇಲ್ಲ, ಇದ್ದಕ್ಕಿದ್ದ ಹಾಗೆ ಶಾಖ ಉಕ್ಕತ್ತೆ, ನಿಂತುಹೋಗತ್ತೆ!" ವರಪೂಜೆಯಿಂದ ತಂದಿದ್ದ ಬೂಂದಿ ಲಾಡನ್ನು ನನ್ನ ಬಾಯಿಗೇ ಇಟ್ಟರು. ಹಾಳೆಯ ಕೆಳಗೆ ಸಾಕ್ಷಿ ಎಂದು ನನ್ನ ಸಹಿ ಹಾಕಿಸಿಕೊಂಡರು. ಲಾಡು ಗಂಟಲಲ್ಲಿ ಇದ್ದುದರಿಂದ ನನಗೆ ಮಾತಾಡಲಾಗಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು.

ಆಮೇಲೆ ಹದಿನೇಳು ರಾತ್ರಿ ಅವರೊಬ್ಬರೇ ಕೂತರು. ಪುಸ್ತಕದಲ್ಲಿ ಹದಿನೇಳು ಸಲ, ಒಂದೇ ದುಂಡು ಅಕ್ಷರದಲ್ಲಿ, "ಹೆಚ್ಚುವರಿ ಶಾಖ: ಇಲ್ಲ." ಹದಿನೆಂಟನೆಯ ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ನಮ್ಮ ಮನೆಗೆ ಬಂದರು. "ಆ ರಾತ್ರಿ ಏನು ಬೇರೆ ಇತ್ತು, ನೆನಪು ಮಾಡಿಕೊಳ್ಳಿ. ನೀವು ಫ್ಲಾಸ್ಕ್ ಮುಟ್ಟಿದ್ರಾ? ಗಾಳಿ ಬೀಸ್ತಾ? ಬೆಕ್ಕು ಗಿಕ್ಕು ಬಂದಿತ್ತಾ?" ನಿಜ ನಾಲಗೆಯ ತುದಿಗೆ ಬಂತು. "ಬೆಕ್ಕು ಬಂದ ಹಾಗಿತ್ತಪ್ಪ" ಎಂದೆ.

ಆ ಸಂಜೆಯೇ ಮೇಷ್ಟ್ರು ಬೀದಿಯ ಬೆಕ್ಕೊಂದನ್ನು ಹಾಲು ತೋರಿಸಿ ಕರೆದು, ಫ್ಲಾಸ್ಕಿಗೆ ಒರಗಿಸಿ ಮಲಗಿಸಿ, ಬೆಳತನಕ ರೀಡಿಂಗ್ ತಗೊಂಡರು. ಅವರ ಮನೆಯವರು ನಮ್ಮವಳ ಹತ್ತಿರ, "ಇವರ ಶಾಖವೆಲ್ಲ ತಲೆಯಲ್ಲೇ ಇದೆ ಕಣ್ರೀ, ಫ್ಲಾಸ್ಕಿನಲ್ಲಿ ಎಲ್ಲಿಂದ ಬರಬೇಕು" ಎಂದು ಅತ್ತರಂತೆ. ಪುಸ್ತಕದ ಹೊಸ ನಮೂದು ಮಾತ್ರ ಸ್ಪಷ್ಟವಾಗಿತ್ತು: "ಬೆಕ್ಕು ಕಾರಣವಲ್ಲ."

ಮದುವೆಮನೆಗಳಲ್ಲಿ ನಾನು ಮೇಷ್ಟ್ರ ಕಥೆ ಹೇಳಿ ಜನರನ್ನು ಚೆನ್ನಾಗಿ ನಗಿಸುತ್ತೇನೆ. ಹುಲಿಯ ಕಥೆ ಹೇಳುತ್ತೇನೆ, ಬೆಕ್ಕಿನ ಕಥೆಯನ್ನೂ ಹೇಳುತ್ತೇನೆ. ಇಪ್ಪತ್ನಾಲ್ಕು ಸಾಲಿನದನ್ನು ಇಲ್ಲಿಯವರೆಗೆ ಹೇಳಿರಲಿಲ್ಲ. ಮೇಷ್ಟ್ರು ಮಾಸಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಓದಿದರೂ ಈಗ ಕಷ್ಟವೇ. ಎಪ್ಪತ್ನಾಲ್ಕು ದಾಟಿದೆ, ಥರ್ಮಾಮೀಟರಿನ ಗೆರೆ ಕಾಣುವುದಿಲ್ಲ. ಹೀಗಾಗಿ ಶನಿವಾರದ ರಾತ್ರಿ ನಾನು ಮಫ್ಲರ್ ಸುತ್ತಿಕೊಂಡು ಶೆಡ್ಡಿಗೆ ಹೋಗುತ್ತೇನೆ. ನಾನು ಓದುವುದು, ಅವರು ಬರೆಯುವುದು. ಮೂವತ್ತೊಂದು ಮುಕ್ಕಾಲು. ಮೂವತ್ತೊಂದು ಮುಕ್ಕಾಲು. ಈಗ ನಾನು ನಿದ್ದೆ ಮಾಡುವುದಿಲ್ಲ. ಗೋಡೆಯ ಮೇಲೆ ಆ ಹಳೆಯ ಹಾಳೆ ಗಾಜಿನ ಹಿಂದೆ ನನ್ನ ಸಹಿಯ ಸಮೇತ ನೇತಾಡುತ್ತಿರುತ್ತದೆ. ಮೂರು ಗಂಟೆ ಹತ್ತಾಗುತ್ತಲೂ ಮೇಷ್ಟ್ರು ಪೆನ್ನು ಎತ್ತಿ ಹಿಡಿದು, "ಈಗ ಸ್ವಲ್ಪ ಸರಿಯಾಗಿ ನೋಡಿ ಸ್ವಾಮಿ" ಎನ್ನುತ್ತಾರೆ. ನಾನು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಬಗ್ಗುತ್ತೇನೆ.